ಅಮ್ಮ ತುಳಿದ ಮಣ್ಣು

ಫೆಬ್ರವರಿ ೨, ಭಾನುವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಹಲ್ಲುಜ್ಜಿದೆ, ಊಟ ಮಾಡಿದೆ, ಮಲಗಿದೆ ಎಂದು ಬರೆದಿಟ್ಟು ಯಾರಿಗೆ ತೋರಿಸಬೇಕು? ಆದರೆ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತಾ, "ಒಳಗೇ ಇಟ್ಕೊಂಡು ಕುದೀಬೇಡಿ. ಬರೆದು ಹಾಕಿ, ಮೈ ಬಗ್ಗಿಸಿ ಏನಾದ್ರೂ ಕೆಲಸ ಮಾಡಿ, ಬಿ.ಪಿ. ತಾನಾಗೇ ಇಳಿಯುತ್ತೆ" ಎಂದರು. ಅಕ್ಕ ಅಂದೇ ಸಂಜೆ ಒಂದು ದಪ್ಪ ಪುಸ್ತಕ ತಂದು ನನ್ನ ಮೇಜಿನ ಮೇಲೆ ಕುಕ್ಕಿದಳು. ಅವಳ ಬಾಯಿ ಮುಚ್ಚಿಸಲಿಕ್ಕಾದರೂ ಬರೆಯುತ್ತಿದ್ದೇನೆ.

ನಿವೃತ್ತನಾಗಿ ವಾರ ತುಂಬಿಲ್ಲ, ಅಷ್ಟರಲ್ಲೇ ಅಕ್ಕನಿಗೆ ನಾನು ಸಾಕಾಗಿ ಹೋಗಿದ್ದೇನೆ. ಇಷ್ಟು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ನಾನು ಹತ್ತಿದೊಡನೆ ಬಸ್ಸಿನಲ್ಲಿ ಮಾತು ನಿಲ್ಲುತ್ತಿತ್ತು, ಕಂಡಕ್ಟರನ ಮುಖ ಬಾಡುತ್ತಿತ್ತು. ನಾನು ಬಂದೆನೆಂದು ಸಂತೋಷಪಟ್ಟ ಒಂದು ಪ್ರಾಣಿಯನ್ನೂ ಕಂಡಿಲ್ಲ. ಬೀಳ್ಕೊಡುವ ದಿನ ಕೂಡ ಡಿಪೋದಲ್ಲಿ ಎಲ್ಲರೂ ಬೇಗ ಬೇಗ ಚಪ್ಪಾಳೆ ತಟ್ಟಿ ಬಿಸ್ಕತ್ತಿನ ಕಡೆ ನಡೆದರು. ಈಗ ತಪಾಸಣೆಗೆ ಉಳಿದಿರುವುದು ಅಕ್ಕನ ಅಡುಗೆಮನೆ ಮಾತ್ರ. ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾಗಿದೆ ಎಂದೆ, ಅಷ್ಟೇ.

"ನನ್ನ ಡಬ್ಬಿಗಳನ್ನ ಬಿಟ್ಬಿಡೋ ಪುಣ್ಯಾತ್ಮ," ಎಂದು ಕೈ ಮುಗಿದಳು. "ಮೇಷ್ಟ್ರು ಕಾಲುವೆ ಕ್ಲೀನ್ ಮಾಡೋಕೆ ಜನ ಸೇರಿಸ್ತಿದ್ದಾರಂತೆ. ಅಲ್ಲಿಗೆ ಹೋಗಿ ತಪ್ಪು ಹುಡುಕು."

ಕಾಲುವೆ ನಮಗೆ ದೂರವೇನಲ್ಲ. ಈ ಮನೆ ಭಾವ ಕಟ್ಟಿಸಿದ್ದು. ಭಾವ ಹೋದ ಮೇಲೆ, ಮದುವೆಯ ಗೋಜಿಗೇ ಹೋಗದ ನಾನು ನನ್ನ ಪೆಟ್ಟಿಗೆ ತಂದು ಮುಂದಿನ ಕೋಣೆಯಲ್ಲಿಟ್ಟೆ. ಅಡುಗೆಮನೆಯ ಹಿಂದೆ ಗೇಣಗಲ ಹಿತ್ತಲು, ಹಿತ್ತಲಿನಾಚೆ ಕಾಲುವೆಯ ಏರಿ. ಏರಿ ನಮ್ಮ ಸೂರಿಗಿಂತ ಎತ್ತರ. ಅಂದರೆ ಕಾಲುವೆ ತುಂಬಿದಾಗ ನೀರು ನಮ್ಮ ಒಲೆಗಿಂತ ಮೇಲೆ ಹರಿಯುತ್ತದೆ. ಕೆಳಬೀದಿಯ ಎಲ್ಲ ಮನೆಗಳದೂ ಇದೇ ಪಾಡು. ಹುಟ್ಟಿದಾಗಿನಿಂದ ಹಾಗೇ ನೋಡಿರುವುದರಿಂದ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಜೊಂಡು ಬೆಳೆದು, ಕಸ ತುಂಬಿ, ಎಷ್ಟೋ ವರ್ಷದಿಂದ ಅದರಲ್ಲಿ ನೀರು ಹರಿಯುತ್ತಿತ್ತೋ ನಿಂತಿತ್ತೋ ಹೇಳುವುದೇ ಕಷ್ಟವಾಗಿತ್ತು. ಈ ಸಲ ಇಲಾಖೆಯವರು ಮೇಲಿನ ತೂಬು ಮುಚ್ಚಿ ಒಣಗಿಸಿದ್ದಾರೆ.

ಫೆಬ್ರವರಿ ೧೬, ಭಾನುವಾರ

ಹೋದೆ. ನಗುವುದಕ್ಕೆಂದೇ ಹೋದೆ. ಮೇಷ್ಟ್ರೆಂದರೆ ಶಾಲೆಯ ಹಳೆಯ ಹೆಡ್‌ಮೇಷ್ಟ್ರು, ಈ ಸ್ವಯಂಸೇವಕರ ಗುಂಪಿಗೆ ಅವರೇ ಯಜಮಾನರು. ಅವರು ಗಂಬೂಟು ಹಾಕಿಕೊಂಡು ಪಾಠದ ಧ್ವನಿಯಲ್ಲೇ "ಕಾಲುವೆ ನಮ್ಮದು" ಎನ್ನುತ್ತಿದ್ದರು. ಔಷಧಿ ಅಂಗಡಿಯವರು ಬಿಳಿ ಅಂಗಿಯಲ್ಲಿ ಬಂದಿದ್ದರು. ಕೆಸರಿಗೆ ಬಿಳಿ ಅಂಗಿ! ನಮ್ಮ ಪಕ್ಕದ ಮನೆಯ ಹೊಲಿಗೆಯವಳು ಕೆಲಸಕ್ಕಿಂತ ಹೆಚ್ಚು ಮಾತಾಡಿದಳು. ಉಳಿದವರು ಗುದ್ದಲಿ ಹಿಡಿದದ್ದು ನೋಡಿದರೆ ಅನ್ನ ಬಡಿಸುವ ಸೌಟು ಹಿಡಿದಂತಿತ್ತು.

ನಾನು ಸುಮ್ಮನಿರಲಾರದೆ ಇಳಿದು ಜೊಂಡನ್ನು ಬುಡಸಮೇತ ಕಿತ್ತು ತೋರಿಸಿದೆ. ಮೇಷ್ಟ್ರು ಎಲ್ಲರನ್ನೂ ಕರೆದು, "ನೋಡಿ, ಸರ್ ಮಾಡೋ ಹಾಗೆ ಮಾಡಿ" ಎಂದರು.

ಸರ್ ಎಂದರು. ಮನೆಗೆ ಬರುವಾಗ ಆ ಮಾತನ್ನೇ ನಾಲಿಗೆಯ ಮೇಲೆ ಹೊರಳಿಸುತ್ತಾ ಬಂದೆ. ಸೊಂಟ ಹಿಡಿದುಕೊಂಡಿದೆ. ನಾಳೆಯೂ ಹೋಗುತ್ತೇನೆ.

ಮಾರ್ಚ್ ೯, ಭಾನುವಾರ

ಕಪ್ಪು ಹೂಳೆಲ್ಲ ಮುಗಿಯಿತು. ಅದರ ಕೆಳಗೆ ಬೂದು ಬಣ್ಣದ, ಬೆಣ್ಣೆಯಂಥ ಜೇಡಿಮಣ್ಣು ಹತ್ತಿದೆ. ಗುದ್ದಲಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಇಲ್ಲಿಗೆ ಸಾಕೇ, ಇನ್ನೂ ಇಳಿಯಬೇಕೇ ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಇಲಾಖೆಯವರನ್ನು ಕೇಳೋಣ ಎಂದರು. ಇಲಾಖೆಯವರನ್ನು ಕೇಳಿ ಕೂತರೆ ಮುಂದಿನ ಜನ್ಮವೇ ಗತಿ. ನಾನು ಹೇಳಿದೆ: "ತಳ ಅಂದ್ರೆ ತಳ. ಇದು ಹಳೇ ಹೂಳು, ಗಟ್ಟಿಯಾಗಿದೆ ಅಷ್ಟೇ. ಜಲ್ಲಿ ಕಾಣೋವರೆಗೂ ಕೆರೆಯೋಣ. ಅರ್ಧ ಕೆಲಸ ಮಾಡೋದಾದ್ರೆ ಮನೆಯಲ್ಲೇ ಕೂರ್ಬಹುದಿತ್ತು." ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಬಿಸ್ಕತ್ತಿನ ಕಡೆ ಯಾರೂ ನೋಡಲಿಲ್ಲ.

ಮನೆಯಲ್ಲಿ ಅಕ್ಕ ನನ್ನ ಪ್ಯಾಂಟು ಒಗೆಯುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಮೊಣಕಾಲ ಹತ್ತಿರ ಅಂಟಿದ್ದ ಮಣ್ಣನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿದಳು.

"ಇದನ್ನ ಯಾಕೆ ತೆಗೀತಿದ್ದೀರಿ?"

"ಹೂಳು. ತೆಗೀದೆ ಪೂಜೆ ಮಾಡ್ಬೇಕಾ?"

"ಹೂಳಲ್ಲ ಕಣೋ ಇದು. ಅಮ್ಮ ತುಳಿದ ಮಣ್ಣು."

ಆಮೇಲೆ ಕೈಯಲ್ಲಿ ಸೋಪಿನ ನೊರೆ ಆರುವವರೆಗೂ ಹೇಳಿದಳು. ಅವಳು ಚಿಕ್ಕವಳಿದ್ದಾಗ ಕಾಲುವೆ ಒಣಗಿಸಿ ಕೆಳಬೀದಿಯ ಹೆಂಗಸರನ್ನೆಲ್ಲ ಕೂಲಿಗೆ ಕರೆದಿದ್ದರಂತೆ. ತಳಕ್ಕೂ ಪಕ್ಕಕ್ಕೂ ಈ ಜೇಡಿಮಣ್ಣು ಹಾಸಿ, ಒಬ್ಬರ ಹೆಗಲು ಒಬ್ಬರು ಹಿಡಿದು, ಬರಿಗಾಲಲ್ಲಿ ತುಳಿಯುವುದು. ನೀರು ಚಿಮುಕಿಸಿ ಇನ್ನೊಂದು ಪದರ ಹಾಸಿ ಮತ್ತೆ ತುಳಿಯುವುದು. "ನೀರು ಕೆಳಗೆ ಇಂಗ್ಬಾರ್ದು ಅಂತ. ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ನಾನು ಏರಿ ಮೇಲೆ ನಿಂತಿರ್ತಿದ್ದೆ. ಅಮ್ಮನ ಹಿಮ್ಮಡಿ ಒಡೆದು ರಕ್ತ ಬರ್ತಿತ್ತು. ನೀನು ಅಳ್ತಿದ್ದೆ, ಅವಳು ಕೆಳಗಿಂದ್ಲೇ ಕೈ ಬೀಸ್ತಿದ್ಲು."

ನನಗೆ ಒಂದು ಕ್ಷಣ ಅಮ್ಮನ ನೆನಪಾಯಿತು. ಆದರೆ ಚಿಕ್ಕಂದಿನಲ್ಲಿ ನೋಡಿದ್ದನ್ನು ನಂಬಿ ಕಾಲುವೆ ನಡೆಸಲಾದೀತೆ? ಮೇಷ್ಟ್ರನ್ನು ಕೇಳುತ್ತೇನೆ ಎಂದೆ.

ಮಾರ್ಚ್ ೧೬, ಭಾನುವಾರ

ಕೇಳಲಿಲ್ಲ. ಜಲ್ಲಿ ಕಾಣುವವರೆಗೆ ಎಂದು ಎಲ್ಲರೆದುರು ಹೇಳಿದವನು ನಾನು. ಈಗ ಹೋಗಿ, ನಮ್ಮಕ್ಕ ಹೀಗಂದಳು ಎಂದು ಹಲ್ಲು ಕಿರಿಯುವುದೆ?

ಮಾರ್ಚ್ ೩೦, ಭಾನುವಾರ

ಮೇಷ್ಟ್ರು ಕಾಲುವೆಯ ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೋಡಲು ಹೋದಾಗ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು. ಕೊರಳಲ್ಲಿದ್ದ ಸೀಟಿಯನ್ನು ತೆಗೆದು ನನ್ನ ಕೈಗಿಟ್ಟು, "ಇನ್ನು ನೀವೇ ನೋಡ್ಕೊಳ್ಳಿ ಸರ್" ಎಂದರು. ಬೇಡ ಬೇಡ ಎಂದೆ. ಕೈ ಆಗಲೇ ಮುಚ್ಚಿಕೊಂಡಿತ್ತು.

ಶಿಸ್ತು ಬೇಕು. ತಡವಾಗಿ ಬಂದವರಿಗೆ ಚಹಾ ಇಲ್ಲ ಎಂದು ಮಾಡಿದ್ದೇನೆ. ಇವತ್ತು ಹೊಲಿಗೆಯವಳು ತಡವಾಗಿ ಬಂದು, "ಟಿಕೆಟ್ ತೋರಿಸ್ಬೇಕಾ ಸರ್?" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳನ್ನು ಮೋರಿ ಬಂದು ಸೇರುವ ಮೂಲೆಗೆ ಹಾಕಿದೆ. ಅಲ್ಲಿ ವಾಸನೆಗೆ ಮಾತು ತಾನಾಗೇ ನಿಲ್ಲುತ್ತದೆ. ಮಧ್ಯಾಹ್ನ ಕಣ್ಣು ಕೆಂಪಾಗಿತ್ತು ಅವಳದು. ಧೂಳು ಬಿದ್ದಿರಬೇಕು.

ಏಪ್ರಿಲ್ ೨೦, ಭಾನುವಾರ

ಜಲ್ಲಿ ಕಂಡು ಎರಡು ವಾರವಾಯಿತು! ಕೆಳಬೀದಿಯ ಹಿಂದಿನ ನನ್ನ ಭಾಗ ಈ ತುದಿಯಿಂದ ಆ ತುದಿಯವರೆಗೆ ತೊಳೆದಿಟ್ಟ ತಟ್ಟೆಯ ಹಾಗಿದೆ. ಪತ್ರಿಕೆಯವರು ಬಂದು ಫೋಟೋ ತೆಗೆದರು. ಕೆರೆದ ಬೂದು ಮಣ್ಣನ್ನು ಏನು ಮಾಡುವುದು ಎಂದು ಚರ್ಚೆಯಾಯಿತು. ಹೂವಿನ ಕುಂಡಗಳಿಗೆ ತುಂಬಿ ಏರಿಯ ಉದ್ದಕ್ಕೂ ಇಡೋಣ ಎಂದವನೂ ನಾನೇ. ಮಿಕ್ಕದ್ದನ್ನು ಬೇಕೆಂದವರು ಹೊತ್ತುಕೊಂಡು ಹೋದರು.

ಔಷಧಿ ಅಂಗಡಿಯವರದು ಒಂದು ಗೊಣಗಾಟ. "ಸರ್, ಆ ಮಣ್ಣಲ್ಲಿ ನೀರು ಇಳಿಯೋದೇ ಇಲ್ಲ. ಸೋಮವಾರ ಹಾಕಿದ ನೀರು ಶನಿವಾರವೂ ಹಾಗೇ ನಿಂತಿರುತ್ತೆ. ಗಿಡ ಬುಡದಲ್ಲೇ ಕೊಳೀತಿದೆ." ಗಿಡ ಸಾಕಲು ಬಾರದವರು ಮಣ್ಣನ್ನು ಬೈಯುತ್ತಾರೆ.

ಅಕ್ಕ ಒಂದು ದಿನವೂ ಏರಿ ಹತ್ತಿ ಬಂದು ನೋಡಲಿಲ್ಲ. ಪತ್ರಿಕೆ ತೋರಿಸಿದೆ. ಫೋಟೋದಲ್ಲಿ ನನ್ನ ಕಾಲ ಕೆಳಗಿನ ಜಲ್ಲಿಯನ್ನೇ ನೋಡುತ್ತಾ ಕೂತಳು. ಮುಖ ಚೆನ್ನಾಗಿ ಬಂದಿದೆ ಅಂತಲಾದರೂ ಅನ್ನಬಹುದಿತ್ತು.

ಮೇ ೧೧, ಭಾನುವಾರ

ನೀರು ಬಿಟ್ಟರು, ಅರ್ಧ ಮಟ್ಟಕ್ಕೆ. ಏರಿ ತಡೆದುಕೊಂಡರೆ ಜೂನ್ ಒಂದಕ್ಕೆ ಪೂರ್ತಿ ಬಿಡುತ್ತಾರೆ, ಅವತ್ತೇ ಸಮಾರಂಭ. ಮೊದಲ ನೀರು ಕಸಕಡ್ಡಿ ತಳ್ಳಿಕೊಂಡು ಜಲ್ಲಿಯ ಮೇಲೆ ಸುಳಿಯುತ್ತಾ ಬಂದಾಗ ನನಗೆ ಕಣ್ಣು ತುಂಬಿ ಬಂತು. ಜೀವಮಾನದಲ್ಲಿ ನಾನು ಜನರನ್ನು ಇಳಿಸಿದ್ದೇ ಹೊರತು ಏನನ್ನೂ ಬರಮಾಡಿಕೊಂಡವನಲ್ಲ.

ಮೇ ೧೪, ಬುಧವಾರ

ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆ ತೇವವಾಗಿದೆ. ಅಂಗೈ ಇಟ್ಟರೆ ತಣ್ಣಗಿದೆ. ಸುಣ್ಣ ಉಬ್ಬಿ ಹಪ್ಪಳದಂತೆ ಎದ್ದಿದೆ. ನಲ್ಲಿಯ ಪೈಪು ಎಲ್ಲೋ ಒಡೆದಿರಬೇಕು. ಪ್ಲಂಬರನಿಗೆ ಹೇಳಿದ್ದೇನೆ. ಅಕ್ಕ, "ಆ ಗೋಡೇಲಿ ಪೈಪೇ ಇಲ್ಲ" ಎಂದಳು. ಭಾವ ಕಟ್ಟಿಸುವಾಗ ನಿಂತು ನೋಡಿದ್ದಳಂತೆ. ಎಲ್ಲವನ್ನೂ ನಿಂತು ನೋಡಿದವಳು ಇವಳೊಬ್ಬಳೇ.

ಮೇ ೧೯, ಸೋಮವಾರ

ಪ್ಲಂಬರ್ ಬಂದು, ಪೈಪಿಲ್ಲ ಎಂದು ನಕ್ಕು ಹೋದ.

ಹಿತ್ತಲಲ್ಲಿ, ಏರಿಯ ಬುಡದಲ್ಲಿ, ಚಾಪೆಯಗಲ ನೆಲ ಮೆತ್ತಗಾಗಿದೆ. ಕಾಲಿಟ್ಟರೆ ಚಪ್ಪಲಿ ಹೀರಿಕೊಳ್ಳುತ್ತದೆ. ನಡುವೆ ಒಂದು ಕಡೆ ಸಣ್ಣಗೆ ಗುಳ್ಳೆ ಏಳುತ್ತಿದೆ. ಪಕ್ಕದ ಹೊಲಿಗೆಯವಳೂ ಬಂದು, ತನ್ನ ಮಿಷಿನ್ನಿನ ಕೆಳಗೆ ನೆಲ ಒದ್ದೆ ಎಂದಳು. "ಮೋರಿ ಕಟ್ಟಿದೆ, ತೆಗೆಸಮ್ಮ" ಎಂದೆ. "ನೀವು ಹೇಳಿದ್ರೆ ಸರಿ ಸರ್" ಎಂದು ಹೋದಳು. ಒಳ್ಳೆಯ ಹೆಂಗಸು, ಈಗೀಗ ಮಾತು ಕಡಿಮೆ ಮಾಡಿದ್ದಾಳೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ನನ್ನ ತಟ್ಟೆ ಪಕ್ಕಕ್ಕೆ ಸರಿಸಿ, "ಬಾ ಇಲ್ಲಿ, ಗೋಡೆಗೆ ಕಿವಿ ಇಡು" ಎಂದಳು. ಇಟ್ಟೆ. ಕೇಳಿಸಿತು. ಎಲ್ಲೋ ಆಳದಲ್ಲಿ ಯಾರೋ ಬಟ್ಟೆ ಜಾಲಿಸುತ್ತಿರುವ ಹಾಗೆ. ತಟ್ಟನೆ ಕಿವಿ ತೆಗೆದೆ, ಸುಳ್ಳೇಕೆ ಬರೆಯಲಿ.

ಆಮೇಲೆ ಸಮಾಧಾನವಾಗಿ ಯೋಚಿಸಿದೆ. ಬಿ.ಪಿ. ಏರಿದಾಗ ಕಿವಿಯಲ್ಲಿ ಇಂಥದೇ ಸದ್ದು ಬರುತ್ತದೆ ಎಂದು ಡಾಕ್ಟರೇ ಹೇಳಿದ್ದರು. ಮಾತ್ರೆ ತಪ್ಪಿಸಬಾರದು.

ಮೇ ೨೫, ಭಾನುವಾರ

ಇಲಾಖೆಯ ಇಂಜಿನಿಯರ್ ಏರಿ ನೋಡಲು ಬಂದಿದ್ದರು. ಯುವಕ, ಸೌಮ್ಯ ಸ್ವಭಾವ. ಅವರು ಬರುವ ಮುಂಚೆ ಹಿತ್ತಲಿನ ಮೆತ್ತಗಿನ ಜಾಗಕ್ಕೆ ನಾಲ್ಕಾರು ಬಾಂಡ್ಲಿ ಮರಳು ಸುರಿದು, ಮೇಲೆ ಹೂಕುಂಡಗಳನ್ನು ಸಾಲಾಗಿ ಇಟ್ಟೆ. ಯಾರೂ ಕಾಲು ಜಾರಿ ಬೀಳಬಾರದೆಂದು. ಮೇಷ್ಟ್ರಿಗಾದದ್ದು ಸಾಲದೆ?

ಕಂಡೇಬಿಟ್ಟರು. "ಇಲ್ಲಿ ಮರಳು ಒದ್ದೆ ಇದೆಯಲ್ಲ ಸರ್?"

"ನಮ್ಮದೇ ಅಡುಗೆಮನೆ ನೀರು," ಎಂದೆ. ಹೊಲಿಗೆಯವಳ ಬಾಗಿಲಲ್ಲೂ ಕೇಳಿದರು. ಅವಳು ನನ್ನ ಮುಖ ನೋಡಿ, "ಮೋರಿ ನೀರು ಅಂತ ಸರ್ ಹೇಳಿದ್ದಾರೆ" ಎಂದಳು.

ಅಷ್ಟರಲ್ಲಿ ಅಕ್ಕ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಅಪ್ಪಾ, ಇದು ಅಡುಗೆಮನೆ ನೀರಲ್ಲ, ಕಾಲುವೆ ನೀರು. ತಳದ ಮಣ್ಣು ಕೆರೆದುಬಿಟ್ಟಿದ್ದಾರೆ. ಒಳಗೆ ಬಾ, ಗೋಡೇಲಿ ಸದ್ದು ಕೇಳ್ಸುತ್ತೆ."

ಇಂಜಿನಿಯರ್ ನನ್ನ ಕಡೆ ತಿರುಗಿದರು. ಬೀದಿಯವರೆಲ್ಲ ಸೇರಿದ್ದರು. ಸಮಾರಂಭಕ್ಕೆ ವಾರ ಉಳಿದಿದೆ, ಕರೆದವರನ್ನೆಲ್ಲ ಕರೆದಾಗಿದೆ. ನಾನು ಅವರನ್ನು ಸ್ವಲ್ಪ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದೆ: "ನಮ್ಮಕ್ಕ. ಭಾವ ಹೋದಮೇಲೆ ಸ್ವಲ್ಪ ಹೀಗೆ. ಇಲ್ಲದ್ದೆಲ್ಲ ಕೇಳ್ಸುತ್ತೆ. ಬೇಜಾರು ಮಾಡ್ಕೋಬೇಡಿ." ಮೆಲ್ಲಗೆ ಹೇಳಿದೆನೆಂದು ನಾನು ಅಂದುಕೊಂಡಿದ್ದು. ಟಿಕೆಟ್ ಟಿಕೆಟ್ ಎಂದು ಕೂಗಿ ಕೂಗಿ ನನ್ನ ದನಿಗೆ ಮೆಲ್ಲಗೆ ಎಂಬುದು ಮರೆತೇ ಹೋಗಿದೆ.

ಅವರು ಅಕ್ಕನಿಗೆ, "ಆಯ್ತಮ್ಮ, ನೋಡ್ತೀವಿ, ಒಳಗೆ ಹೋಗಿ ರೆಸ್ಟ್ ತಗೊಳ್ಳಿ" ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಪೂರ್ತಿ ನೀರಿಗೆ ಒಪ್ಪಿಗೆ ಸಿಕ್ಕಿತು.

ಮೇ ೨೮, ಬುಧವಾರ

ಅಕ್ಕ ಈಗ ಗೋಡೆಯ ವಿಷಯ ಎತ್ತುವುದಿಲ್ಲ. ಬೀದಿಯವರು ಅವಳನ್ನು ಕಂಡರೆ ದನಿ ಎಳೆದು, "ಊಟ ಆಯ್ತಾ ಅಕ್ಕಾ? ಮಾತ್ರೆ ತಗೊಂಡ್ರಾ?" ಎನ್ನುತ್ತಾರೆ. ಎಷ್ಟು ಕಾಳಜಿ. ಅವಳು ಹೂಂ ಎನ್ನುತ್ತಾಳೆ. ಮನೆಯಲ್ಲಿ ಶಾಂತಿ ಇದೆ.

ಒಲೆಯನ್ನು ಮುಂದಿನ ಪಡಸಾಲೆಗೆ ಸಾಗಿಸಿಕೊಂಡಿದ್ದಾಳೆ. ನನ್ನನ್ನು ಕೇಳಲಿಲ್ಲ.

ಮೇ ೩೧, ಶನಿವಾರ

ನಾಳೆ ಸಮಾರಂಭ. ಬೆಳಗ್ಗೆ ನನ್ನ ಪೆಟ್ಟಿಗೆ, ಒಳ್ಳೆಯ ಬಟ್ಟೆ, ಪಿಂಚಣಿಯ ಕಾಗದ, ಈ ಪುಸ್ತಕ ಎಲ್ಲ ಹೊತ್ತುಕೊಂಡು ಹೋಗಿ ಏರಿಯ ಮೇಲಿನ, ನಮ್ಮ ಗುಂಪಿನ ಸಾಮಾನಿನ ಶೆಡ್ಡಿನಲ್ಲಿಟ್ಟೆ. ಮನೆಯಲ್ಲಿ ಗೆದ್ದಲಿನ ಕಾಟ. ತೇವಕ್ಕೆ ಬರುತ್ತವೆ. ಎರಡು ಸಲ ಓಡಾಡಬೇಕಾಯಿತು. ಶೆಡ್ಡಿನಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಿನ್ನದೂ ಏನಾದರೂ ಇದ್ದರೆ ಕೊಡು" ಎನ್ನಬೇಕೆಂದುಕೊಂಡೆ. ಅಂದರೆ ಏನೇನೋ ಅರ್ಥ ಮಾಡಿಕೊಳ್ಳುತ್ತಾಳೆ ಎಂದು ಸುಮ್ಮನಾದೆ.

ಜೂನ್ ೨, ಸೋಮವಾರ

ಏರಿ ಹೋಯಿತು.

ನಿನ್ನೆ ಬೆಳಗ್ಗೆಯಿಂದ ನನಗೆ ಸಿಟ್ಟು ಬಂದಿತ್ತು. ಕೆಳಬೀದಿಯಿಂದ ಒಂದು ನರಪಿಳ್ಳೆಯೂ ಸಮಾರಂಭಕ್ಕೆ ಬಂದಿರಲಿಲ್ಲ. ನಮ್ಮ ಬೀದಿಯವನ ದೊಡ್ಡಸ್ತಿಕೆ ನೋಡಲಾರದ ಹೊಟ್ಟೆಕಿಚ್ಚು ಎಂದುಕೊಂಡೆ. ಭಾಷಣಗಳಾದವು. ಸೀಟಿ ಊದಿದೆ, ತೂಬಿನ ಅಡ್ಡಹಲಗೆ ಎತ್ತಿದರು, ನೀರು ಅಂಚಿನವರೆಗೆ ಏರಿತು. ಚಪ್ಪಾಳೆ. ಚಹಾ ಹಂಚುವಾಗ ಒದ್ದೆ ಬಟ್ಟೆ ಹರಿದಂಥ ಸದ್ದು. ನೀರು ನಡುವೆ ಸುಳಿ ತಿರುಗಿ ಇಳಿಯತೊಡಗಿತು. ಎಲ್ಲಿಗೆ ಇಳಿಯುತ್ತಿದೆ ಎಂದು ಎಲ್ಲರೂ ಬಗ್ಗಿ ನೋಡುತ್ತಿದ್ದರು. ನನಗೆ ಗೊತ್ತಿತ್ತು.

ಅಕ್ಕಾ ಎಂದು ಕೂಗುತ್ತಾ ಓಡಿದೆ. ನಮ್ಮ ಹಿತ್ತಲಿದ್ದ ಕಡೆ ಏರಿಯೇ ಇರಲಿಲ್ಲ. ಅಡುಗೆಮನೆ ಇರಲಿಲ್ಲ. ಸೂರು ಮಂಡಿಯೂರಿ ಕೂತಿತ್ತು, ಅದರ ಮೇಲೆ ಕೆಂಪು ನೀರು ಹಾಯುತ್ತಿತ್ತು. ಹೊಲಿಗೆಯವಳ ಮಿಷಿನ್ನು ಬೀದಿಯ ಆ ತುದಿಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು. ಕೆಸರಲ್ಲೇ ಕೂತು, "ನಾನು ನಮ್ಮಕ್ಕನ್ನ ಕೊಂದುಬಿಟ್ಟೆ" ಎಂದೆ. ಗಟ್ಟಿಯಾಗಿಯೇ ಹೇಳಿದೆ. ಔಷಧಿ ಅಂಗಡಿಯವರು ನನ್ನ ಭುಜ ಹಿಡಿದು, "ಹಾಗೆಲ್ಲ ಅನ್ಬೇಡಿ ಸರ್, ದುಃಖದಲ್ಲಿ ಏನೇನೋ ಬಾಯಿಗೆ ಬರುತ್ತೆ" ಎಂದರು.

ಆಮೇಲೆ ಯಾರೋ ಬಂದು, ಶಾಲೆಯ ಹಾಲ್‌ನಲ್ಲಿ ಎಲ್ಲರೂ ಇದ್ದಾರೆ ಎಂದರು. ಎಲ್ಲರೂ. ನಂಬಲಿಲ್ಲ. ಹೋಗಿ ನೋಡಿದರೆ ಅಕ್ಕ ಬೆಂಚಿನ ಮೇಲೆ ಕೂತು ಯಾರದೋ ಮಗುವಿಗೆ ಹಾಲು ಆರಿಸುತ್ತಿದ್ದಳು. ಅವಳ ಮಡಿಲಲ್ಲಿ ಮುಖವಿಟ್ಟು ಅತ್ತೆ. ಅವಳು ನನ್ನ ತಲೆ ಮುಟ್ಟಲಿಲ್ಲ. ಕೈಯಲ್ಲಿ ಲೋಟವಿತ್ತು.

ಜೂನ್ ೪, ಬುಧವಾರ

ಹಾಲ್‌ನಲ್ಲಿ ಕೆಳಬೀದಿಯ ಅಷ್ಟೂ ಸಂಸಾರಗಳಿವೆ. ಮನೆಗಳು ಹೋಗಿವೆ, ಜೀವ ಹೋಗಿಲ್ಲ. ನನ್ನನ್ನು ಕಂಡರೆ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಎದ್ದು ನಿಂತರು. ಒಬ್ಬ ಮುದುಕ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡ. ನನಗೆ ಏನೂ ಅರ್ಥವಾಗಲಿಲ್ಲ.

ಹೊಲಿಗೆಯವಳು ಹೇಳಿದಳು: "ನೀವು ಹೇಳಿ ಕಳಿಸಿದ್ದೀರಿ ಅಂತ ಅಕ್ಕ ಮನೆಮನೆ ಬಾಗಿಲು ಬಡಿದ್ರಲ್ಲ ಸರ್. 'ನನ್ನ ತಮ್ಮ ಹೇಳಿದ್ದಾನೆ, ಈಗಲೇ ಎಲ್ಲರೂ ಶಾಲೆಗೆ ಹೋಗ್ಬೇಕಂತೆ, ಸಮಾರಂಭ ಕೆಡದ ಹಾಗೆ ಸುಮ್ಮನೆ ಹೋಗ್ಬೇಕಂತೆ' ಅಂದ್ರು. ಅವರದೇ ಮಾತು ಅಂದಿದ್ರೆ, ತಪ್ಪು ತಿಳ್ಕೋಬೇಡಿ, ನಾವು ಹೂಂ ಅಂದು ಬಾಗಿಲು ಹಾಕ್ಕೊಳ್ತಿದ್ವಿ. ನೀವು ಹ್ಯಾಗೂ ಹೇಳಿದ್ರಲ್ಲ, ಅಕ್ಕನಿಗೆ ಸ್ವಲ್ಪ ಹಂಗೆ ಅಂತ."

ಅಕ್ಕನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಕೇಳಿದೆ. "ನಾನ್ಯಾವಾಗ ಹೇಳಿದ್ದೆ?"

"ಬಾಯಲ್ಲಿ ಹೇಳಲಿಲ್ಲ. ಪೆಟ್ಟಿಗೆ ಹೊತ್ಕೊಂಡು ಹೋದೆಯಲ್ಲ. ಆಗ್ಲೇ ಗೊತ್ತಾಯ್ತು, ನಿನಗೂ ಗೊತ್ತಿದೆ ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಾತು ಯಾರೂ ಕೇಳದ ಹಾಗೆ ಮಾಡಿಟ್ಟಿದ್ದೆ. ಅದಕ್ಕೇ ನಿನ್ನ ಮಾತು ಅಂದೆ."

ನನಗೆ ನಾಚಿಕೆಯಾಯಿತು. ಒಳಗೆ ಹೋಗಿ ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದು ಹೊರಟೆ. ನಾನು ಬಾಗಿಲಿಗೆ ಬಂದದ್ದೇ ತಡ ಚಪ್ಪಾಳೆ ಶುರುವಾಯಿತು. ಮೇಷ್ಟ್ರು ಊರುಗೋಲಿನಲ್ಲಿ ಬಂದಿದ್ದರು, ಅವರೂ ಒಂದು ಕೈಯಲ್ಲಿ ಬೆಂಚು ತಟ್ಟುತ್ತಿದ್ದರು. ಮನೆ ಕಳೆದುಕೊಂಡ ಜನ, ಏನನ್ನಾದರೂ ಹಿಡಿದುಕೊಳ್ಳಬೇಕಲ್ಲ. ಆ ಹೊತ್ತಿನಲ್ಲಿ ಅದನ್ನೂ ಕಿತ್ತುಕೊಳ್ಳುವುದು ಸರಿ ಎನ್ನಿಸಲಿಲ್ಲ. ನಾಳೆ ಹೇಳುತ್ತೇನೆ.

ಜೂನ್ ೯, ಸೋಮವಾರ

ನಾಲ್ಕು ದಿನ ಬರೆಯಲು ಪುರಸೊತ್ತಾಗಲಿಲ್ಲ. ಇಲಾಖೆಯವರು ಬಂದು ಹೋದರು. ಹೆಗ್ಗಣದ ಬಿಲದಿಂದ ಏರಿ ಟೊಳ್ಳಾಗಿತ್ತು ಎಂದರು. ನನಗೂ ಹಾಗೇ ಅನ್ನಿಸಿತ್ತು. ಮುನ್ಸೂಚನೆ ಏನಾದರೂ ಇತ್ತೇ ಎಂದು ಇಂಜಿನಿಯರ್ ಅಕ್ಕನನ್ನು ಕೇಳಿದಾಗ ಅವಳು, "ನನ್ನ ತಮ್ಮನಿಗೆ ಎಲ್ಲ ಗೊತ್ತಿತ್ತು" ಎಂದಳು. ಇಂಜಿನಿಯರ್ ನನ್ನ ಕೈ ಕುಲುಕಿದರು. ಅವಳು ನನ್ನನ್ನು ಹೊಗಳಿದ್ದು ಇದೇ ಮೊದಲು.

ನಿಧಾನವಾಗಿ ಯೋಚಿಸಿದರೆ, ಆ ಬೆಳಗ್ಗೆ ಶೆಡ್ಡಿಗೆ ಹೋಗುವಾಗ ಅಕ್ಕನಿಗೆ ಏನೋ ಒಂದು ಮಾತು ಹೇಳಿಯೇ ಹೋಗಿದ್ದೆ ಎಂದು ನನಗೂ ನೆನಪಾಗುತ್ತಿದೆ. ಗಡಿಬಿಡಿಯಲ್ಲಿ ಸರಿಯಾಗಿ ಬರೆದಿಟ್ಟಿಲ್ಲ, ಅಷ್ಟೇ.

ಕಾಲುವೆಯ ಮೇಲಿನ ಭಾಗವನ್ನೂ ನಾನೇ ವಹಿಸಿಕೊಳ್ಳಬೇಕೆಂದು ಮೇಷ್ಟ್ರೂ ಗುಂಪಿನವರೂ ಒತ್ತಾಯ ಮಾಡಿದರು. ಶಾಲೆಯ ಹಿಂದೆ ಹಾಯುವ ಭಾಗ ಅದು. ಹಾಲ್‌ನ ಕಿಟಕಿಗಿಂತ ಎತ್ತರದಲ್ಲಿ ಹೋಗುತ್ತದೆ. ಒಡೆದ ಜಾಗ ಕಟ್ಟುವಷ್ಟರಲ್ಲಿ ಅದು ಚೊಕ್ಕಟವಾಗಿರಬೇಕು. ನಿನ್ನೆ ಇಳಿದು ನೋಡಿದೆ. ಒಂದೇ ಮೊಳ ಹೂಳು, ಅದರ ಕೆಳಗೆ ಅದೇ ಬೂದು ಜೇಡಿ. ಅಕ್ಕನಿಗೆ ಹೇಳಿದೆ. "ಅದನ್ನ ಮುಟ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಅದರ ಕೆಳಗೇ ಹಾಲ್‌ನಲ್ಲಿ ಮಕ್ಕಳು ಮಲಗಿವೆ" ಎಂದಳು. ಅಷ್ಟೊಂದು ಜನರ ನಡುವೆ ನಿಜಕ್ಕೂ ಬಗ್ಗಿದಳು. ನಾನು ಹಿಡಿದೆತ್ತಿದೆ. ಸುತ್ತಲಿದ್ದವರು ಅರ್ಥ ಮಾಡಿಕೊಂಡು ಮುಖ ತಿರುಗಿಸಿಕೊಂಡರು. ಈ ಆಘಾತದಿಂದ ಅವಳ ಮನಸ್ಸು ಇನ್ನಷ್ಟು ಕೆಟ್ಟಿದೆ, ಪಾಪ.

ಮೇಲಿನ ರಸ್ತೆಯಲ್ಲಿ ಎರಡು ಕೋಣೆಯ ಮನೆ ನೋಡಿದ್ದೇನೆ. ನಮ್ಮಿಬ್ಬರಿಗೆ ಸಾಕು. ಸಂಜೆ ಅಕ್ಕನಿಗೆ ಹೇಳಲು ಹೋದರೆ ಅವಳು ಆಗಲೇ ಕೈಚೀಲ ಹಿಡಿದು ಹೊರಟು ನಿಂತಿದ್ದಳು. ಹೊಲಿಗೆಯವಳ ಜೊತೆ ಇರುತ್ತಾಳಂತೆ, ಊರಾಚೆ ಎಲ್ಲೋ. ನಾನು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು.

"ಆ ಮನೆ ಎತ್ತರದಲ್ಲಿದೆ ಅಕ್ಕ. ಕಾಲುವೆ ನೀರು ಅಲ್ಲಿಗೆ ಹತ್ತೋದೇ ಇಲ್ಲ. ಹೆದರ್ಬೇಡ."

"ನನಗೆ ನೀರಿನ ಭಯ ಇಲ್ಲ ಕಣೋ," ಎಂದಳು.

ಇಷ್ಟೆಲ್ಲ ಆದಮೇಲೂ ನೀರಿನ ಭಯ ಅವಳಿಗೆ ಹತ್ತದಿರುವುದು ದೊಡ್ಡ ಸಮಾಧಾನ. ಸ್ವಲ್ಪ ದಿನ ಕಳೆದರೆ ತಾನಾಗೇ ಬರುತ್ತಾಳೆ. ನಾಳೆ ಬೆಳಗ್ಗೆ ಬೇಗ ಏಳಬೇಕು, ಶಾಲೆಯ ಹಿಂದಿನ ತಳ ಕೆರೆಯಲು ಜನ ಹೇಳಿದ್ದೇನೆ.